ಬೈಗುಳದ ನಿಯಮ

ವಾಲು ಬೇ ಹಡಗುಕಟ್ಟೆಯ ಕಚೇರಿಯಲ್ಲಿ ನನ್ನ ಕೆಲಸ ಓದುವುದು. ಹೊರದ್ವೀಪಗಳ ಅಂಗಡಿಯವರು ಫೋನಿಗೆ ಕಳಿಸುವ ಸಂದೇಶಗಳನ್ನು ಓದಿ, ಯಾರಿಗೆ ಏನು, ಎಷ್ಟು ಎಂದು ಬಿಡಿಸಿ, ಸಾಮಾನು ಹೇರುವವರಿಗೆ ಹೇಳುತ್ತಿದ್ದೆ. ಶಾಲೆ ಅರ್ಧಕ್ಕೆ ಬಿಟ್ಟವಳಿಗೆ ಇದೇ ಹೆಚ್ಚು. ಅದು ಬಿಟ್ಟರೆ ಯಾರೊಡನೆಯೂ ಮಾತಾಡಬೇಕಿರಲಿಲ್ಲ, ಅದೇ ಸುಖ.

ಇಲೈತಿಯಾ ಎಂಬ ನನ್ನ ಸೋದರಮಾವ ನಮ್ಮೂರಿನ ದ್ವೀಪದಲ್ಲಿ ಅಂಗಡಿ ನಡೆಸುತ್ತಾನೆ. ನಮ್ಮ ಊರಿಗೂ ಇಲ್ಲಿ ಕಟ್ಟೆಯಲ್ಲಿ ಮೂಟೆ ಹೊರುವ ಸಕಿಯುಸಾನ ಊರಿಗೂ ಹಿಂದಿನಿಂದ ಬಂದ ತೌವು ನಂಟು. ಆ ನಂಟಿನವರು ಒಬ್ಬರನ್ನೊಬ್ಬರು ಬೈದೇ ಮಾತಾಡಬೇಕು, ಬೈಯದಿದ್ದರೆ ಮುನಿಸು. ಹಾಗಾಗಿ ಮಾವನ ಸಂದೇಶದಲ್ಲಿ ಸಾಮಾನಿಗಿಂತ ಬೈಗುಳ ಹೆಚ್ಚು.

“ಸಕಿಯುಸಾ, ದೋಣಿ ಹತ್ತಿದ್ರೆ ವಾಂತಿ ಮಾಡೋ ಕುಲದವನೇ, ಹಿಟ್ಟು ಆರು ಮೂಟೆ, ನೀನು ನೆಕ್ಕಿ ಉಳಿದಿದ್ದು ಕಳಿಸು,” ಎಂದು ನಾನು ತಲೆ ತಗ್ಗಿಸಿ ಓದುತ್ತಿದ್ದೆ.

“ನಿಮ್ಮಾವಂಗೆ ಹೇಳು ವಸಿತಿ, ಒಂದು ಮೂಟೆ ನನ್ನ ಹೆಂಡ್ತಿಗೆ ಎತ್ತಿಟ್ಟಿದೀನಿ ಅಂತ,” ಎನ್ನುತ್ತಿದ್ದ ಸಕಿಯುಸಾ. ಮೂಟೆಗಳು ಮಾತ್ರ ಆರಕ್ಕೆ ಆರೂ ಹೋಗುತ್ತಿದ್ದವು.

ಯಜಮಾನರ ಅಕ್ಕನ ಮಗ ಡಂಕನ್ ಬ್ರಿಸ್ಬೇನಿನಲ್ಲಿ ಓದಿ ಬಂದ. ಓದುವ ಕೆಲಸಕ್ಕೆ ಪ್ರೋಗ್ರಾಂ ಬರೆಯುತ್ತೇನೆಂದು ಕೂತ. ಅದಕ್ಕೆ ಪಾರ್ಸರ್ ಜನರೇಟರ್ ಎಂಬ ಸಲಕರಣೆ ಇದೆ. ಸಂದೇಶ ಹೇಗಿರುತ್ತದೆ ಎಂಬ ನಿಯಮಗಳನ್ನು ನಾವು ಬರೆದುಕೊಟ್ಟರೆ ಸಾಕು, ಓದುವ ಪ್ರೋಗ್ರಾಮನ್ನು ಅದೇ ಹೆಣೆದುಕೊಡುತ್ತದೆ. ಸಂದೇಶಗಳ ಸ್ವಭಾವ ನನಗೆ ಗೊತ್ತೆಂದು ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡ.

ಮೊದಲ ಪಾಠ ಲೆಕ್ಕದ್ದು. ಕೂಡುವುದು, ಗುಣಿಸುವುದು, ಯಾವುದು ಮೊದಲು ಎಂಬುದು. ನಾಲ್ಕು ಸಾಲು ನಿಯಮ ಬರೆದೆ, ಯಂತ್ರ ಸರಿಯಾಗಿ ಉತ್ತರ ಕೊಟ್ಟಿತು. ಅವತ್ತು ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಪದಗಳನ್ನು ಗುರುತಿಸಲು ಒಂದು ಕಡತ, ಅವು ಕೂಡುವ ರೀತಿಗೆ ಇನ್ನೊಂದು. ಸಾಮಾನು ಎಂದರೆ ಒಂದು ಹೆಸರು, ಒಂದು ಸಂಖ್ಯೆ, ಒಂದು ಅಳತೆ. ಬೈಗುಳಕ್ಕೂ ನಾನೇ ನಿಯಮ ಬರೆದೆ: ಗೊತ್ತಿಲ್ಲದ ಮಾತು ಬಂದರೆ ಆ ಸಾಲನ್ನು ಕೆಂಪು ಮಾಡಿ ಮನುಷ್ಯರಿಗೆ ತೋರಿಸು.

ಯಜಮಾನರು ನೋಡಲು ಬಂದ ದಿನ ಪರದೆಯ ಅರ್ಧ ಕೆಂಪಾಗಿತ್ತು.

“ಮತ್ತೆ ಇವಳೇ ಓದ್ಬೇಕು ಅಂದ್ರೆ ಯಂತ್ರ ಯಾಕೋ?” ಎಂದರು ಅವರು.

ಡಂಕನ್ ನನ್ನ ನಿಯಮಕ್ಕೆ ಹೋಗುವ ದಾರಿ ಕಿತ್ತುಹಾಕಿ ಬೇರೊಂದು ಬರೆದ: ಅರ್ಥವಾಗದ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋಗು.

“ಸಾಲು ಬಿಟ್ರೆ ಸಾಮಾನೂ ಹೋಗುತ್ತೆ,” ಎಂದೆ. ಯಜಮಾನರ ಎದುರು ನಾನು ಆಡಿದ ಮೊದಲ ಮಾತು ಅದು.

“ಓಹೋ, ವಸಿತಿಗೆ ಬಾಯಿ ಬಂತು,” ಎಂದ ಡಂಕನ್. ಇಬ್ಬರೂ ನಕ್ಕರು. ಪರದೆಯಲ್ಲಿ ‘ತಪ್ಪು: ಸೊನ್ನೆ’ ಎಂದು ಬಂತು. ಫೋನು ಅವನ ಮೇಜಿಗೆ ಹೋಯಿತು, ನಾನು ಟಿಕೆಟ್ ಕಿಟಕಿಗೆ. ಹೇರುವವರಿಗೆ ಇನ್ನು ಯಂತ್ರ ಅಚ್ಚು ಹಾಕಿದ ಚೀಟಿ.

ಆ ತಿಂಗಳ ಹಡಗಿನಲ್ಲೇ, ತೀರಿಕೊಂಡ ನನ್ನ ಅಜ್ಜಿಯ ನೂರನೆಯ ರಾತ್ರಿಯ ಊಟಕ್ಕೆ ಸಾಮಾನು ಹೋಗಬೇಕಿತ್ತು. ಊಟ ಹಾಕಿ, ಹೊಸ ಬಟ್ಟೆ ಹಂಚಿದ ಮೇಲೆಯೇ ಮನೆಯವರು ಸೂತಕದ ಕಪ್ಪು ಬಟ್ಟೆ ಕಳಚುವುದು. ನನ್ನನ್ನು ಸಾಕಿದ್ದು ಅವಳು. ರಜೆ ಸಿಕ್ಕಿರಲಿಲ್ಲ. ಹಿಟ್ಟು, ಸಕ್ಕರೆ, ಬಟ್ಟೆ ಎಲ್ಲ ನನ್ನ ಸಂಬಳದ್ದು; ಅಷ್ಟಾದರೂ ನನ್ನ ಪರವಾಗಿ ಅಲ್ಲಿರಲಿ ಎಂದು, ಬೇಕಾದದ್ದನ್ನು ಕಚೇರಿಗೆ ಬರೆದು ಕಳಿಸಲು ಮಾವನಿಗೆ ಹೇಳಿದ್ದೆ.

ಊಟದ ಮರುದಿನ ಮಾವ ಫೋನ್ ಮಾಡಿದ.

“ಉಪ್ಪು ಬಂತು,” ಎಂದ.

“ಹಿಟ್ಟು?”

“ಉಪ್ಪು ಬಂತು ಅಂದ್ನಲ್ಲ. ಬರೀ ಗೆಣಸು ಬೇಯಿಸಿ ಹಾಕಿದ್ವಿ. ಅಜ್ಜಿ ತವರಿನೋರು ಕೂತ ಹಾಗೇ ಎದ್ದು ಹೋದ್ರು. ನಿಮ್ಮಮ್ಮ ಇನ್ನೂ ಕಪ್ಪಲ್ಲೇ ಇದಾಳೆ.”

ಉಪ್ಪಿನ ಸಾಲಿಗೆ ಮಾತ್ರ ಬೈಗುಳ ಹಾಕಲು ಅವನು ಮರೆತಿದ್ದನೇನೋ; ಯಂತ್ರ ಅದೊಂದನ್ನೇ ಓದಿತ್ತು.

“ಮಾವ, ಅದು ಯಂತ್ರ ಮಾಡಿದ್ದು.”

“ಯಂತ್ರಕ್ಕೆ ನಮ್ಮ ಮೇಲೇನು ಸಿಟ್ಟು? ಸಕಿಯುಸಾಗೆ ಹೇಳು, ನನ್ನ ಮಾತು ಅಷ್ಟು ಚುಚ್ಚಿದ್ರೆ ಬಾಯಲ್ಲಿ ಹೇಳ್ಬಹುದಿತ್ತು. ಸತ್ತೋಳ ಊಟ ತಡೀಬಾರದಿತ್ತು.”

ಸಕಿಯುಸಾನಿಗೆ ಹೇಳಿದೆ. ಅವನು ಹೆಗಲ ಮೇಲಿನ ಗೋಣಿ ಇಳಿಸಿದ.

“ಚೀಟಿಯಲ್ಲಿ ಬರೀ ಉಪ್ಪು ಅಂತಿತ್ತು. ಒಂದು ಬೈಗುಳಾನೂ ಇರ್ಲಿಲ್ಲ. ಅವನೇ ಮುನಿಸ್ಕೊಂಡ ಅಂತ ನಾನೂ ಸುಮ್ನಾದೆ.”

ಡಂಕನ್‌ಗೂ ಹೇಳಿದೆ. “ಸರಿಯಾಗಿ ಬರೆಯೋಕೆ ಕಲೀಲಿ,” ಎಂದ.

ಮುಂದಿನ ತಿಂಗಳು ಮಾವನ ಸಂದೇಶ ಬಂದಾಗ ಡಂಕನ್ ನನ್ನನ್ನು ಕರೆದು ತೋರಿಸಿದ. ಸಾಲಿಗೊಂದು ಸಾಮಾನು, ಒಂದು ಸಂಖ್ಯೆ, ಒಂದು ಅಳತೆ. ಯಂತ್ರ ಒಂದೇ ಉಸಿರಿಗೆ ಓದಿತು. ಬೈಗುಳದ ನಿಯಮ ಕಡತದಲ್ಲಿ ಇನ್ನೂ ಇತ್ತು. ಇದನ್ನು ತಲುಪಲು ದಾರಿಯಿಲ್ಲ, ಇದರಿಂದ ಉಪಯೋಗವಿಲ್ಲ ಎಂದು ಸಲಕರಣೆ ಪ್ರೋಗ್ರಾಂ ಹೆಣೆಯುವಾಗಲೆಲ್ಲ ಎಚ್ಚರಿಸುತ್ತಿತ್ತು.

“ನೋಡಿದ್ಯಾ, ಕಲಿತ್ರು,” ಎಂದ ಡಂಕನ್.

ಚೀಟಿ ಕೊಡಲು ನಾನೇ ಕಟ್ಟೆಗೆ ಹೋದೆ. ಸಕಿಯುಸಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ನಂಗೇನೂ ಬರೆದಿಲ್ವಾ?”

“ಇಲ್ಲ.”

ಅವನು ಹಿಟ್ಟಿನ ಮೂಟೆಗಳನ್ನು ಎಣಿಸಿ, ಒಂದೊಂದಾಗಿ ಹೊತ್ತು ಹಡಗಿಗೆ ಹಾಕಿದ.