ಗೋಲಿನ ಹಿಂದಿನ ದನಿ

ಸಿರುಗುಪ್ಪದ ಹಗರಿ ಬಾಯ್ಸ್ ತಂಡದಲ್ಲಿ ಯಾರ ಎಡಗಾಲಿಗೆ ಎಷ್ಟು ಕಸುವಿದೆ, ಯಾರ ದಮ್ಮು ಎಷ್ಟನೇ ನಿಮಿಷಕ್ಕೆ ಖಾಲಿಯಾಗುತ್ತದೆ, ಯಾರು ಹೊಟ್ಟೆ ಬಿರಿಯ ಉಂಡು ಆಡಲು ಬಂದಿದ್ದಾರೆ, ಯಾರು ಹೆಂಡತಿಯ ಜೊತೆ ಜಗಳ ತೆಗೆದು ಬಂದಿದ್ದಾರೆ, ಇದೆಲ್ಲ ದಸ್ತಗೀರಸಾಬನಿಗೆ ಗೊತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ತಂಡದ ಒಂದೇ ಒಂದು ಪಂದ್ಯ ತಪ್ಪಿಸಿದವನಲ್ಲ. ಹಾಗಂತ ಆಡಿದವನೂ ಅಲ್ಲ. ಜೀವಮಾನದಲ್ಲಿ ಒಂದು ಚೆಂಡನ್ನು ನೆಟ್ಟಗೆ ಒದ್ದವನಲ್ಲ. ಆದರೆ ಆಟ ನೋಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಊರೇ ಒಪ್ಪಿತ್ತು. ಅಂಥ ಮನುಷ್ಯ ಆ ಭಾನುವಾರ ಬೆಳಿಗ್ಗೆ ಎದ್ದವನೇ ಮೂರು ಸಲ ಬಚ್ಚಲಿಗೆ ಹೋಗಿ ಬಂದ, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡ, ಹೆಂಡತಿ ಖಾತೂನ್ ಮುಂದಿಟ್ಟ ಚಹಾ ಆರಿ ಕೆನೆಗಟ್ಟಿದರೂ ಮುಟ್ಟಲಿಲ್ಲ.

ಯಾಕೆಂದರೆ ಆವತ್ತು ಕೊರತೆ ಹೇಳುವ ದಿನ. ಬಳ್ಳಾರಿ ಲೀಗ್ ಶುರುವಾಗುವ ಮುಂಚಿನ ಭಾನುವಾರ ಆಟಗಾರರೆಲ್ಲ ರೈಸ್ ಮಿಲ್ಲಿನಲ್ಲಿ ಭತ್ತ ಒಣಹಾಕುವ ಸಿಮೆಂಟ್ ಅಂಗಳಕ್ಕೆ ಬಂದು ಸಾಲಾಗಿ ಕೂರುತ್ತಾರೆ. ಹಳೆಯ ಅಭಿಮಾನಿಯೊಬ್ಬ ಎದ್ದು ನಿಂತು ಒಬ್ಬೊಬ್ಬರ ಮುಖ ನೋಡಿ, ನಿನ್ನ ಬಲ ಇದು, ನಿನ್ನ ಕೊರತೆ ಇದು ಎಂದು ಮುಲಾಜಿಲ್ಲದೆ ಹೇಳಬೇಕು. ಮಿಲ್ಲಿನೆದುರಿನ ಹೋಟೆಲಿನಿಂದ ಚಹಾ ಬರುವ ತನಕ ಆಟಗಾರರ್ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಚಹಾ ಬಂದ ಮೇಲೆ ಎದುರಾಡಬಹುದು. ಆದರೆ ಚಹಾದ ಜೊತೆ ಒಗ್ಗರಣಿ ಮಂಡಕ್ಕಿ, ಮಿರ್ಚಿಯೂ ಬರುವುದರಿಂದ ಬಾಯಿಗೆ ಬೇರೆ ಕೆಲಸ ಸಿಕ್ಕಿ ಸಿಟ್ಟು ಅರ್ಧ ಇಳಿದಿರುತ್ತದೆ. ಕೋಚ್ ಹೇಳಲಾಗದ್ದನ್ನು ಅಭಿಮಾನಿ ಹೇಳಲಿ ಎಂದು ಯಾರೋ ಬುದ್ಧಿವಂತರು ಹುಟ್ಟುಹಾಕಿದ ಪದ್ಧತಿ. ಹನ್ನೆರಡು ವರ್ಷದಿಂದ ಆ ಕೆಲಸ ದಸ್ತಗೀರಸಾಬನದು.

ಈ ಸಲ ಕೋಚ್ ದೊಡ್ಡಬಸವರಾಜ ಎರಡು ದಿನ ಮೊದಲೇ ಮನೆಗೆ ಬಂದಿದ್ದ. ವ್ಯಾಯಾಮದ ಮೇಷ್ಟ್ರಾಗಿ ನಿವೃತ್ತನಾದ ಮನುಷ್ಯ, ಒಳ್ಳೆಯವನೇ, ಆದರೆ ಯಾರಿಗೂ ಬೇಡ ಅನ್ನಲು ಬಾರದವನು. ಸುತ್ತಿ ಬಳಸಿ ಕಡೆಗೆ ವಿಷಯಕ್ಕೆ ಬಂದ. ಮೋಕದಿಂದ ಸಂಗಮೇಶ್ ಅಂತ ಹೊಸ ಗೋಲ್‌ಕೀಪರ್ ಸಿಕ್ಕಿದ್ದಾನೆ, ಆರಡಿ ಎತ್ತರ. ಹಳೆಯ ಕೀಪರ್ ಗಾದಿಲಿಂಗನನ್ನು ಕೂರಿಸಬೇಕು. ಮೊದಲ ಪಂದ್ಯವೇ ಕುರುಗೋಡಿನವರ ಮೇಲೆ, ಅದೂ ಕುರುಗೋಡಿನಲ್ಲೇ. ಹೋದ ವರ್ಷದ್ದು ನೋಡಿದ ಮೇಲೂ ಗಾದಿಲಿಂಗನನ್ನು ನಿಲ್ಲಿಸಿದರೆ ಊರಿನವರು ತನ್ನನ್ನು ಉಗಿಯುತ್ತಾರೆ.

"ನೀವ ಹೇಳ್ರಿ ಸಾಬ್ರ," ಅಂದ ದೊಡ್ಡಬಸವರಾಜ. "ನಿಮ್ಮ ಬಾಯಿಂದ ಬಂದ್ರ ಅವ ಮರುಮಾತಾಡಂಗಿಲ್ಲ."

ಆ ಮಾತು ಕೇಳಿ ದಸ್ತಗೀರಸಾಬನಿಗೆ ಕೈಕಾಲು ಆಡಲಿಲ್ಲ. ಆಡುವುದಾದರೂ ಹೇಗೆ? ಮೈದಾನದಲ್ಲಿದ್ದವರ ಪೈಕಿ ಹೋದ ವರ್ಷ ಏನಾಯಿತೆಂದು ಸರಿಯಾಗಿ ಗೊತ್ತಿದ್ದವರು ಇಬ್ಬರೇ. ಒಬ್ಬ ಗಾದಿಲಿಂಗ, ಇನ್ನೊಬ್ಬ ತಾನು.

ಅದನ್ನು ತಿಳಿಯಬೇಕಾದರೆ ಇವರಿಬ್ಬರ ಕೆಲಸ ತಿಳಿಯಬೇಕು. ಗಾದಿಲಿಂಗ ಅದೇ ಮಿಲ್ಲಿನ ಲಾರಿ ಡ್ರೈವರ್. ದಸ್ತಗೀರಸಾಬ ಗೇಟಿನವನು, ಒಳಗೆ ಬರುವ ಲಾರಿಗಳನ್ನು ಹಿಂದೆ ನಿಂತು ಗೋದಾಮಿನ ಬಾಗಿಲಿಗೆ ಹಚ್ಚಿಸುವವನು. ಮಿಲ್ಲಿನ ಓಣಿ ಇಕ್ಕಟ್ಟು, ಎರಡೂ ಕಡೆ ಮೂಟೆಗಳ ಗೋಡೆ. ಆಂಧ್ರದ ಡ್ರೈವರುಗಳಿಗೆ "ರಾನೀ, ರಾನೀ" ಅನ್ನುತ್ತ, ನಮ್ಮವರಿಗೆ "ಬರ್ಲಿ, ಬರ್ಲಿ" ಅನ್ನುತ್ತ ಆತ ಕೂಗುತ್ತಿದ್ದರೆ ಡ್ರೈವರುಗಳು ಕನ್ನಡಿ ಕೂಡ ನೋಡುತ್ತಿರಲಿಲ್ಲ. ಗಾದಿಲಿಂಗ ಹತ್ತೊಂಬತ್ತರ ಹುಡುಗನಾಗಿ ಸ್ಟೇರಿಂಗ್ ಹಿಡಿದಾಗಿನಿಂದ ಹತ್ತು ವರ್ಷ ಆ ದನಿಯ ಮೇಲೇ ಹಿಂದಕ್ಕೆ ಬಂದವನು. ಒಂದು ಗೀರು ಬಿದ್ದಿಲ್ಲ. ಅವನು ತಂಡದ ಕೀಪರ್ ಆದಮೇಲೆ ಅದೇ ರೂಢಿ ಮೈದಾನಕ್ಕೂ ಬಂತು. ದಸ್ತಗೀರಸಾಬ ಗೋಲಿನ ಹಿಂದೆ ಬಲೆ ಹಿಡಿದು ನಿಲ್ಲುವುದು, ಎಡಕ್ಕೆ, ಬಲಕ್ಕೆ, ಮುಂದೆ ಬಾ ಎಂದು ಕೂಗುವುದು, ಗಾದಿಲಿಂಗ ತಿರುಗಿ ಕೂಡ ನೋಡದೆ ಹಾಗೇ ಮಾಡುವುದು. ಬೇರೆ ತಂಡದವರು ನಗುತ್ತಿದ್ದರು. ನಗಲಿ ಬಿಡಿ, ಗೋಲು ಮಾತ್ರ ಬೀಳುತ್ತಿರಲಿಲ್ಲ.

ಹೋದ ವರ್ಷ ಬಳ್ಳಾರಿಯಲ್ಲಿ ಕುರುಗೋಡಿನ ಮೇಲೆ ಆಟ. ಸಮ ಆದರೂ ಸಾಕು, ಸೆಮಿಫೈನಲ್. ಎಂಬತ್ತನಾಲ್ಕು ನಿಮಿಷ ಎರಡೂ ಕಡೆ ಸೊನ್ನೆ. ಆಗ ಕುರುಗೋಡಿನವನೊಬ್ಬ ದೂರದಿಂದ ಸುಮ್ಮನೆ ಒದ್ದ. ಗಾದಿಲಿಂಗ ಕೈ ಎತ್ತಿ ಸಿದ್ಧನಾಗಿಯೇ ಇದ್ದ. ಹಿಂದೆ ನಿಂತಿದ್ದ ದಸ್ತಗೀರಸಾಬನ ಕಣ್ಣಿಗೆ ಚೆಂಡು ಕಂಬದಿಂದ ಒಂದು ಮೊಳ ಹೊರಗೆ ಹೋಗುವ ಹಾಗೆ ಕಂಡಿತು. "ಹೊರಗ ಹೊಂಟೈತಿ, ಬಿಡಲೇ!" ಅಂದುಬಿಟ್ಟ. ಜನರ ಗದ್ದಲದಲ್ಲಿ ಆ ಕೂಗು ಗಾದಿಲಿಂಗನಿಗೆ ಬಿಟ್ಟು ಯಾರಿಗೂ ಕೇಳಲಿಲ್ಲ. ಅವನು ಕೈ ಇಳಿಸಿದ. ಚೆಂಡು ತಿರುಗಿತು, ಕಂಬದ ಒಳಮೈ ಸವರಿತು, ನೇರ ಬಂದು ದಸ್ತಗೀರಸಾಬನ ಕಾಲಬುಡದಲ್ಲೇ ನಿಂತಿತು. ನಡುವೆ ಬಲೆಯೊಂದೇ.

ಹೇಳಿಬಿಡಬೇಕಿತ್ತು ಮಾರಾಯ! ಅಲ್ಲೇ, ಆಗಲೇ, ತಪ್ಪು ನಂದು ಅಂದಿದ್ದರೆ ಎರಡು ದಿನ ಬೈದು ಮರೆಯುತ್ತಿದ್ದರು. ಸುತ್ತ ಜನ ಕೂಗುತ್ತಿದ್ದರು, ಮಹಮ್ಮದ್ ಗೌಸ್ ಕ್ಯಾಪ್ಟನ್ನಾಗಿದ್ದುಕೊಂಡು ನೆಲಕ್ಕೆ ಕುಸಿದು ಅಳುತ್ತಿದ್ದ, ಇವನ ನಾಲಿಗೆ ಹೊರಳಲಿಲ್ಲ. ನಾಳೆ ಹೇಳೋಣ ಅಂದುಕೊಂಡ. ನಾಳೆ ಎನ್ನುವುದು ಆ ಮನುಷ್ಯನಿಗೆ ಒಂದು ವರ್ಷವಾಯಿತು.

ಅಷ್ಟರಲ್ಲಿ ಊರಿಗೆ ಬೇರೆಯೇ ಕತೆ ಸಿಕ್ಕಿತ್ತು. ಗಾದಿಲಿಂಗನ ಹೆಂಡತಿ ಅಂಜನಾಳ ತವರು ಕುರುಗೋಡು. ಮುಗಿಯಿತಲ್ಲ! ಅಳಿಯ ಮಾವನ ಮನೆಗೆ ಗೋಲು ಕೊಟ್ಟ, ಬೇಕಂತಲೇ ಕೈ ಇಳಿಸಿದ ಎಂದು ಚಹಾದಂಗಡಿಯಿಂದ ಬಸ್‌ಸ್ಟ್ಯಾಂಡಿನ ತನಕ ಅದೇ ಮಾತು. ಅವನ ಲಾರಿ ಹೋಗುವಾಗ ರಸ್ತೆ ಬದಿಯ ಪೋಲಿಗಳು ಎರಡೂ ಕೈ ಎತ್ತಿ ಇಳಿಸಿ ತೋರಿಸುತ್ತಿದ್ದರು. ಬಾದನಹಟ್ಟಿಯಲ್ಲಿ ನೆಂಟರ ಮದುವೆಗೆ ಹೋದವನು ಅರ್ಧ ಊಟಕ್ಕೇ ಎದ್ದು ಬಂದನಂತೆ. ಒಂದು ಸಲವಾದರೂ ಗಾದಿಲಿಂಗ ಬಾಯಿ ಬಿಟ್ಟು, ಸಾಬರು ಹೇಳಿದರು ಅದಕ್ಕೇ ಬಿಟ್ಟೆ, ಅಂದನೇ? ಇಲ್ಲ. ಮಿಲ್ಲಿನಲ್ಲಿ ಎದುರಾದರೆ ಎಂದಿನಂತೆ ನಮಸ್ಕಾರ್ರಿ ಅನ್ನುತ್ತಿದ್ದ. ಆದರೆ ಲಾರಿ ಹಿಂದಕ್ಕೆ ತೆಗೆಯುವಾಗ ಮಾತ್ರ ತಾನೇ ಕೆಳಗಿಳಿದು, ಹಿಂದೆ ಹೋಗಿ ನೋಡಿ, ಮತ್ತೆ ಹತ್ತುತ್ತಿದ್ದ. ಅದನ್ನು ನೋಡಿದಾಗಲೆಲ್ಲ ದಸ್ತಗೀರಸಾಬ ಗೇಟಿನ ಕಡೆ ತಿರುಗಿ ನಿಲ್ಲುತ್ತಿದ್ದ.

ಈಗ ಅವನನ್ನು ತಂಡದಿಂದ ಹೊರಗೆ ಹಾಕುವ ಮಾತನ್ನೂ ತಾನೇ ಆಡಬೇಕು. ಹೊರಗೆ ಬಿದ್ದನೆಂದರೆ ಊರಿನವರ ಕತೆಯೇ ಖರೆ ಎಂದು ಠಸ್ಸೆ ಒತ್ತಿದ ಹಾಗೆ. ಹೇಳದಿದ್ದರೆ ಕೋಚ್ ಬಿಡುವುದಿಲ್ಲ. ನಿಜ ಹೇಳಿದರೆ ಹನ್ನೆರಡು ವರ್ಷ ಇನ್ನೊಬ್ಬರ ಕೊರತೆ ಎಣಿಸಿದ ಬಾಯಿಗೆ ಜನ ಏನೆಂದಾರು! ಒಂದು ವರ್ಷ ಆ ಹುಡುಗ ಮಾತು ತಿನ್ನುತ್ತಿದ್ದರೆ ಸುಮ್ಮನೆ ನೋಡುತ್ತಿದ್ದೆಯಾ ಮುದುಕಾ ಅಂದರೆ ಏನು ಉತ್ತರ? ಇದನ್ನೆಲ್ಲ ಖಾತೂನಳಿಗೆ ಮಾತ್ರ ಹೇಳಿಕೊಂಡಿದ್ದ. ಅವಳು ಸಮಾಧಾನ ಗಿಮಾಧಾನ ಮಾಡುವ ಪೈಕಿಯಲ್ಲ. ಚಪ್ಪಲಿ ಮೆಟ್ಟುತ್ತಿದ್ದವನ ಅಂಗಿಯ ಗುಂಡಿ ಸರಿಮಾಡುತ್ತ ಒಂದೇ ಮಾತು ಅಂದಳು.

"ಹೇಳೋದಿದ್ರ ಇವತ್ತ ಹೇಳ್ರಿ. ಇಲ್ಲಾಂದ್ರ ಇನ್ನ ಮ್ಯಾಲ ಈ ಮನ್ಯಾಗ ಆ ಹುಡುಗನ ಹೆಸರು ತೆಗೀಬ್ಯಾಡ್ರಿ."

ಅಂಗಳದಲ್ಲಿ ಹದಿನಾರು ಜನ ಸಾಲಾಗಿ ಕೂತಿದ್ದರು. ಗಾದಿಲಿಂಗ ಕಡೆಯಲ್ಲಿ, ಅವನ ಪಕ್ಕದಲ್ಲೇ ಮೋಕದ ಸಂಗಮೇಶ್, ಕೂತರೂ ಎತ್ತರ. ದೊಡ್ಡಬಸವರಾಜ ಗೋಡೆಗೊರಗಿ ನಿಂತು ದಸ್ತಗೀರಸಾಬನಿಗೆ ಕಣ್ಣಲ್ಲೇ ಧೈರ್ಯ ಕೊಟ್ಟ. ಆ ಧೈರ್ಯ ಯಾರಿಗೆ ಬೇಕಾಗಿತ್ತು!

ಶುರುಮಾಡಿದ. ಮೊದಲು ಇಡೀ ತಂಡದ್ದು. ಈ ಸಿಮೆಂಟಿನ ಮೇಲೆ ಆಡಿ ಆಡಿ ಚೆಂಡು ಕೊಟ್ಟು ಈಸಿಕೊಳ್ಳುವ ಚುರುಕು ನಮ್ಮಷ್ಟು ಲೀಗಿನಲ್ಲಿ ಯಾರಿಗೂ ಇಲ್ಲ. ಆದರೆ ಕುರುಗೋಡಿನದು ಎರೆಮಣ್ಣಿನ ಮೈದಾನ, ಅಲ್ಲಿ ಚೆಂಡು ಓಡುವುದಿಲ್ಲ, ನಾವು ಕೊಟ್ಟದ್ದು ನಡುದಾರಿಯಲ್ಲೇ ನಿಲ್ಲುತ್ತದೆ, ಇನ್ನಷ್ಟು ಬಿಗಿಯಾಗಿ ಒದೆಯಿರಿ ಎಂದ. ಮಹಮ್ಮದ್ ಗೌಸನ ತಲೆ ತಂಡದಲ್ಲೇ ಚುರುಕಾದದ್ದು, ಆದರೆ ಒಂದು ಗೋಲು ಬಿದ್ದರೆ ಆ ತಲೆ ಅಲ್ಲಿಗೇ ಕೆಡುತ್ತದೆ, ಅವನನ್ನು ನೋಡಿ ಹತ್ತು ಜನ ಕೆಡುತ್ತಾರೆ. ಮುಂದೆ ಆಡುವ ಎರ್ರಿಗೆ ಕುದುರೆಯ ಓಟವಿದೆ, ಓಡುವಾಗ ತಲೆ ಎತ್ತಿ ನೋಡುವ ಬುದ್ಧಿ ಇಲ್ಲ. ಎರ್ರಿ ಬಾಯಿ ತೆರೆಯಲು ಹೋಗಿ ಚಹಾ ಇನ್ನೂ ಬಂದಿಲ್ಲವೆಂದು ನೆನಪಾಗಿ ಮುಚ್ಚಿಕೊಂಡ. ಎಲ್ಲರೂ ಮುಸಿಮುಸಿ ನಕ್ಕರು. ದಸ್ತಗೀರಸಾಬನಿಗೆ ನಗು ಬರಲಿಲ್ಲ. ಸಾಲು ಸವೆಯುತ್ತಿತ್ತು. ಬೇಕಂತಲೇ ಒಬ್ಬೊಬ್ಬನಿಗೆ ಎರಡೆರಡು ಮಾತು ಹೆಚ್ಚಿಗೆ ಹೇಳಿದ. ಕೊರತೆಯೇ ಇಲ್ಲದವರಿಗೂ ಒಂದೊಂದು ಹುಡುಕಿಕೊಟ್ಟ. ಆದರೂ ಹದಿನಾರು ಜನ ಎಂದರೆ ಹದಿನಾರೇ.

ಗಾದಿಲಿಂಗನ ಮುಂದೆ ಬಂದು ನಿಂತ. ಗಾದಿಲಿಂಗ ತಲೆ ಎತ್ತಿ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇವನ ಕೊರತಿ ಹೇಳಾಕ ನನಗ ಮುಖ ಇಲ್ಲ," ಅಂದ ದಸ್ತಗೀರಸಾಬ. "ಹೋದ ವರ್ಷ ಹೊರಗ ಹೊಂಟೈತಿ ಬಿಡಲೇ ಅಂತ ಹಿಂದ ನಿಂತು ಕೂಗಿದಾವ ನಾನು. ನನ್ನ ಮಾತು ಕೇಳಿ ಅವ ಕೈ ಇಳಿಸಿದ. ಊರಾಗ ಅವನ ಮಾನ ಹೋಗೂ ಮುಂದ ನಾನು ಬಾಯಿ ಮುಚ್ಕೊಂಡು ಕುಂತೆ. ಅವನ್ನ ತೆಗೀಬ್ಯಾಡ್ರಿ. ತೆಗಿಯೋದಿದ್ರ ನನ್ನ ತೆಗೀರಿ."

ಯಾರೂ ಮಾತಾಡಲಿಲ್ಲ. ಆಡುವಂತಿರಲಿಲ್ಲ, ಚಹಾ ಬಂದಿರಲಿಲ್ಲ. ಈ ಹಾಳು ನಿಯಮವನ್ನು ಆವತ್ತು ಯಾರಾದರೂ ಒಬ್ಬರು ಮುರಿದಿದ್ದರೆ ಅವರ ಕಾಲಿಗೆ ಬೀಳುತ್ತಿದ್ದ ದಸ್ತಗೀರಸಾಬ. ಬೈಯಲಿ, ಉಗಿಯಲಿ, ಏನಾದರೂ ಅನ್ನಲಿ. ಮಹಮ್ಮದ್ ಗೌಸ್ ನೆಲ ನೋಡುತ್ತಿದ್ದ. ದೊಡ್ಡಬಸವರಾಜನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಬಿಸಿಲು ಸಿಮೆಂಟಿನ ಮೇಲೆ ಏರುತ್ತಿತ್ತು, ಹೋಟೆಲಿನ ಕಡೆಯಿಂದ ಯಾರೂ ಬರುವ ಸುಳಿವಿಲ್ಲ. ಹತ್ತು ನಿಮಿಷವೋ, ಹದಿನೈದೋ. ಅಷ್ಟು ಹೊತ್ತೂ ಅವನು ನಿಂತೇ ಇದ್ದ, ಕೂರಲು ಧೈರ್ಯ ಬರಲಿಲ್ಲ. ಕಡೆಗೆ ಹೋಟೆಲಿನ ಮಂಜಮ್ಮ ತಾನೇ ಕೆಟಲ್ಲು ಹೊತ್ತು ಬಂದು, ತಡವಾಯಿತೆಂದು ಗೊಣಗುತ್ತ ಲೋಟಗಳನ್ನು ಹಂಚಿದಳು. ಮಂಡಕ್ಕಿಗೆ ಯಾರೂ ಕೈ ಹಾಕಲಿಲ್ಲ.

ಗಾದಿಲಿಂಗ ಲೋಟ ಕೆಳಗಿಟ್ಟು ಎದ್ದು ನಿಂತ.

"ಸಾಬ್ರು ಕೂಗಿದ್ದು ಖರೇ ಐತ್ರಿ," ಅಂದ. "ಆದ್ರ ಚೆಂಡು ಒಳಗ ಬರೋದು ನನಗ ಕಾಣ್ತಿತ್ತು. ಕಂಡ್ರೂ ಕೈ ಇಳಿಸಿದೆ. ಸಾಬ್ರು ಹೊರಗ ಅಂದಮ್ಯಾಲ ನನ್ನ ಕಣ್ಣ ತಪ್ಪಿರಬೇಕು ಅನ್ಕೊಂಡೆ. ಅದು ನನ್ನ ಕೊರತಿ."

ಮತ್ತೆ ವರ್ಷವಿಡೀ ಯಾಕೆ ಬಾಯಿ ಬಿಡಲಿಲ್ಲ ಎಂದು ಮಹಮ್ಮದ್ ಗೌಸ್ ಹೆಚ್ಚುಕಡಿಮೆ ಜಗಳದ ದನಿಯಲ್ಲೇ ಕೇಳಿದ. ಗಾದಿಲಿಂಗ ಕೆಳಗಿಟ್ಟ ಲೋಟ ಮತ್ತೆ ಎತ್ತಿಕೊಂಡ.

"ಅವ್ರ ಹೇಳ್ತಾರಂತ ಕಾದೆ."

ದಸ್ತಗೀರಸಾಬನಿಗೆ ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡ, ಬೆವರೆಂದೇ ಎಲ್ಲರೂ ತಿಳಿಯಲಿ ಎಂದು ಕತ್ತನ್ನೂ ಒರೆಸಿಕೊಂಡ.

ಆಮೇಲೆ ಮಾತು ಬಹಳವಾಯಿತು. ಮಹಮ್ಮದ್ ಗೌಸ್ ದಸ್ತಗೀರಸಾಬನನ್ನು ಬೈಯುವಷ್ಟು ಬೈದ, ಬೈದು ಮುಗಿಸಿ ತಾನೇ ಮಿರ್ಚಿಯ ತಟ್ಟೆ ಅವನ ಮುಂದೆ ತಳ್ಳಿದ. ಎರ್ರಿ ಇದನ್ನೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ನಿಂತು ತಾನೇ ಸಾರುತ್ತೇನೆ ಎಂದ. ದೊಡ್ಡಬಸವರಾಜ ನಾಲ್ಕು ಸಲ ಗಂಟಲು ಸರಿಮಾಡಿಕೊಂಡು, ಕುರುಗೋಡಿನ ಮೇಲೆ ಗಾದಿಲಿಂಗನೇ ನಿಲ್ಲಲಿ, ಸಂಗಮೇಶ್ ಕಾಯಲಿ ಎಂದ. ಎಲ್ಲ ಮುಗಿಯಿತು ಅನ್ನುವಾಗ ಗಾದಿಲಿಂಗ ಕೋಚಿನ ಕಡೆ ನೋಡುತ್ತ, ದಸ್ತಗೀರಸಾಬನ ಕಡೆ ನೋಡದೆ, ಇನ್ನೊಂದು ಮಾತು ಹೇಳಿದ.

"ನಾ ನಿಂದ್ರಬೇಕಂದ್ರ ಹಿಂದ ಸಾಬ್ರು ಇರಬಾರ್ದ್ರಿ. ಇದ್ರ ನಾ ಮತ್ತ ಅವ್ರ ಮಾತ ಕೇಳ್ತೀನಿ."

ಎಷ್ಟೋ ವರ್ಷದ ಜಾಗ. ಬಲೆ ಹಿಡಿದೂ ಹಿಡಿದೂ ಬೆರಳು ಜಡ್ಡುಗಟ್ಟಿದ್ದವು. ಬೇಡ ಅನ್ನಲು ದಸ್ತಗೀರಸಾಬನಲ್ಲಿ ಮಾತು ಬೇಕಾದಷ್ಟಿದ್ದವು, ಹಕ್ಕು ಇರಲಿಲ್ಲ. ಆಯ್ತಪ್ಪಾ ಅಂದ. ಅಷ್ಟೇ ಅಂದದ್ದು.

ಚಹಾ ಕುಡಿದು ಎರಡು ಭಾಗವಾಗಿ ಅಭ್ಯಾಸಕ್ಕೆ ಇಳಿದರು. ಗೋಲಿಗೆ ಎರಡು ಡ್ರಮ್ಮು ಇಟ್ಟರು. ದಸ್ತಗೀರಸಾಬ ರೂಢಿಯಂತೆ ಗಾದಿಲಿಂಗನ ಬೆನ್ನ ಹಿಂದೆ ನಾಲ್ಕು ಹೆಜ್ಜೆ ಹೋದವನು ನಿಂತು, ತಿರುಗಿ, ಇಡೀ ಅಂಗಳ ದಾಟಿ ಎದುರಿನ ಗೋಡೆಗೆ ಬಂದು ಕೂತ. ಅಲ್ಲಿಂದ ಗಾದಿಲಿಂಗನ ಮುಖ ಕಾಣುತ್ತಿತ್ತು. ಇಷ್ಟು ವರ್ಷ ಅವನ ಆಟ ನೋಡಿದ್ದೇನೆ ಅಂದುಕೊಂಡಿದ್ದವನು ನೋಡಿದ್ದು ಬರೀ ಬೆನ್ನು. ಚೆಂಡು ಗೋಲಿನತ್ತ ಹೋದಾಗಲೆಲ್ಲ ಆ ಮುಖ ಬಿಳಿಚುತ್ತಿತ್ತು, ಕೆಳದುಟಿಯನ್ನು ಹಲ್ಲಿನಡಿ ಕಚ್ಚಿ ಹಿಡಿಯುತ್ತಿತ್ತು. ಇಷ್ಟು ಹೆದರಿಕೆ ಇಟ್ಟುಕೊಂಡು ಆಡುತ್ತಿದ್ದನೇ ಈ ಹುಡುಗ, ನನಗೆ ಒಂದು ದಿನವೂ ತಿಳಿಯಲಿಲ್ಲವಲ್ಲ ಎಂದು ದಸ್ತಗೀರಸಾಬನಿಗೆ ಜೀವ ಹಿಂಡಿತು.

ಎರ್ರಿ ಓಡಿ ಬಂದು, ಆವತ್ತು ಮಾತ್ರ ತಲೆ ಎತ್ತಿ ನೋಡಿ, ಬಲಕ್ಕೆ ಒದ್ದ. ದಸ್ತಗೀರಸಾಬನ ಬಾಯಿ ತಾನಾಗಿ ತೆರೆಯಿತು. ಟವೆಲ್ಲನ್ನು ಬಾಯಿಗೆ ಒತ್ತಿ ಹಿಡಿದುಕೊಂಡ. ಆ ಸಿಮೆಂಟಿನ ಮೇಲೆ ಯಾರೂ ಬೀಳುವುದಿಲ್ಲ, ಚರ್ಮ ಕಿತ್ತು ಬರುತ್ತದೆ. ಗಾದಿಲಿಂಗ ಮೈ ಚಾಚಿ ಬಿದ್ದ. ಚೆಂಡು ಬೆರಳ ತುದಿಗೆ ಸಿಕ್ಕ ಹಾಗೆ ಮಾಡಿ ಜಾರಿ ಒಳಗೆ ಹೋಯಿತು.

ಗೋಲು. ಗಾದಿಲಿಂಗ ಎದ್ದ. ಮೊಣಕೈ ಕೆಂಪಗಾಗಿತ್ತು, ಅದನ್ನು ಒಮ್ಮೆ ನೋಡಿಕೊಂಡ. ಹಿಂದಕ್ಕೆ ತಿರುಗಲಿಲ್ಲ, ಎದುರಿನ ಗೋಡೆಯ ಕಡೆಗೂ ನೋಡಲಿಲ್ಲ. ಕೈ ಎತ್ತಿ, ಇನ್ನೊಂದು ಒದಿ ಎಂದು ಎರ್ರಿಗೆ ಹೇಳಿದ.