ಸುಟ್ಟ ಹಿಡಿಯ ಚಾಕು

ನನ್ನ ಗಂಡ ದೇವೇಂದ್ರ ಸುಳ್ಳು ಹೇಳುವಾಗ ಎಡಗಿವಿ ತುರಿಸಿಕೊಳ್ಳುತ್ತಾನೆ. ಮದುವೆಯಾದ ಹೊಸದರಲ್ಲೇ ಇದನ್ನು ಕಂಡುಕೊಂಡಿದ್ದೆ, ಅವನಿಗೆ ಮಾತ್ರ ಹೇಳಿರಲಿಲ್ಲ. ಎದುರಿಗೆ ನಾನು ಅವನನ್ನು ‘ರೀ’ ಎಂದೇ ಕರೆಯುವುದು. ಇಲ್ಲಿ ಏಕವಚನ. ಅವನು ಮಾಡಿದ ಕೆಲಸಕ್ಕೆ ಇದೇ ಹೆಚ್ಚು.

ನಾವಿರುವುದು ಡೆಟ್ರಾಯ್ಟ್ ಹತ್ತಿರದ ರಾಚೆಸ್ಟರ್ ಹಿಲ್ಸ್‌ನಲ್ಲಿ. ಬಷೀರಣ್ಣ ಮತ್ತು ಅವರ ಹೆಂಡತಿ ಗುಲ್‌ಶನ್ ನಮ್ಮದೇ ಬಡಾವಣೆಯಲ್ಲಿ, ಹಿಂದಿನ ಬೀದಿಯಲ್ಲಿದ್ದಾರೆ. ಗಂಡಸರಿಬ್ಬರಿಗೂ ವಾರೆನ್‌ನಲ್ಲಿ ಒಂದೇ ಆಫೀಸು, ಹೋಗಿಬರುವುದು ಒಂದೇ ಕಾರಿನಲ್ಲಿ. ಬಷೀರಣ್ಣ ಚನ್ನಪಟ್ಟಣದವರು, ಗುಲ್‌ಶನ್ ಗದಗಿನವಳು. ನಾವು ಹುಣಸೂರಿನ ಕಡೆಯವರು, ನಮ್ಮ ಮನೆಯಲ್ಲಿ ಹಂದಿ ತಿನ್ನುತ್ತೇವೆ. ಪರಿಚಯವಾದ ದಿನವೇ ಗುಲ್‌ಶನ್‌ಗೆ ಇದನ್ನು ಹೇಳಿಬಿಟ್ಟಿದ್ದೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ಅವಳು ನಕ್ಕು, “ನೀ ತಿನ್ನವಾ, ನನಗ ಹಾಕಬ್ಯಾಡ, ಅಷ್ಟ,” ಎಂದಿದ್ದಳು.

ಅವಳು ಬರುವ ದಿನಕ್ಕೆಂದೇ ಬೇರೆ ಪಾತ್ರೆ, ಬೇರೆ ಚಾಕು, ಬೇರೆ ಮಣೆ ಇಟ್ಟುಕೊಂಡೆ. ತಟ್ಟೆ ಮುಂದಿಟ್ಟಾಗಲೆಲ್ಲ ಅವಳದು ಒಂದೇ ಪ್ರಶ್ನೆ. “ತೇಜೂ, ಇದನ್ನ ನಾ ತಿನ್ನಬಹುದೇನ?” ನಾನು “ತಿನ್ನು” ಎನ್ನುತ್ತಿದ್ದೆ, ಅವಳು ತಿನ್ನುತ್ತಿದ್ದಳು. ಅಂಗಡಿಯಲ್ಲಿ ಬಿಸ್ಕತ್ ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರಗಳನ್ನೆಲ್ಲ ಓದಿ ಮುಗಿಸಿಯೇ ಕೊಳ್ಳುವ ಹೆಂಗಸು ಅವಳು. ನನ್ನ ಮನೆಯಲ್ಲಿ ನನ್ನ ಒಂದು ಮಾತು ಅವಳಿಗೆ ಸಾಕಾಗಿತ್ತು. ನನಗೆ ಅದರಲ್ಲಿ ಎಷ್ಟು ಹೆಮ್ಮೆ ಇತ್ತೆಂದು ದೇವೇಂದ್ರನಿಗೆ ಎಂದೂ ಅರ್ಥವಾಗಲಿಲ್ಲ.

ಗಂಡಸರಿಗೆ ಜಿಂಕೆ ಬೇಟೆಯ ಹುಚ್ಚು ಹಿಡಿಸಿದ್ದು ಆಫೀಸಿನ ಜನ. ನವೆಂಬರ್ ಮಧ್ಯದಲ್ಲಿ ಸೀಸನ್ ಶುರುವಾದರೆ ಮಿಷಿಗನ್ನಿನಲ್ಲಿ ಅರ್ಧ ಆಫೀಸು ಖಾಲಿ. ಹೊಡೆದ ಜಿಂಕೆಯನ್ನು ಕೊಯ್ದು ಕೊಡುವ ಅಂಗಡಿಗಳಿವೆ, ಆದರೆ ಅಲ್ಲಿ ಹಂದಿಯನ್ನೂ ಅದೇ ಮೇಜಿನ ಮೇಲೆ ಕೊಯ್ಯುತ್ತಾರೆ. ಬಷೀರಣ್ಣ ಬಿಸ್ಮಿಲ್ಲಾ ಹೇಳಿ ಗುಂಡು ಹಾರಿಸಿ ಹೊಡೆದದ್ದನ್ನು ಅಂಥ ಕಡೆ ಹೇಗೆ ಕೊಡುತ್ತಾರೆ? “ಮನೇಲೇ ಕುಯ್ಯೋಣ, ಒಳ್ಳೇ ಚಾಕು ತಗೊಂಡ್ರೆ ಸಾಕು,” ಎಂದರು.

ಚಾಕು ತರಲು ನಾಲ್ವರೂ ಹೋಗಿದ್ದೆವು. ದೇವೇಂದ್ರ ನೇರವಾಗಿ ಗಾಜಿನ ಕಪಾಟಿನೊಳಗಿದ್ದ ಒಂದು ಮೊಳದುದ್ದದ ಚಾಕುವಿನ ಮುಂದೆ ನಿಂತ. ಅದರ ಬೆನ್ನಿಗೆ ಕೊಕ್ಕೆ, ಹಿಡಿಯಲ್ಲಿ ದಿಕ್ಸೂಚಿ ಬೇರೆ.

“ಯುದ್ಧಕ್ಕೆ ಹೋಗ್ತಿದೀಯೇನೋ ದೇವು?” ಎಂದರು ಬಷೀರಣ್ಣ. “ಜಿಂಕೆ ಆಗ್ಲೇ ಸತ್ತಿರುತ್ತೆ ಕಣೋ.”

ಬಷೀರಣ್ಣ ಕೊಳ್ಳುವ ರೀತಿಯೇ ಬೇರೆ. ಅಂಗಡಿಯ ಮೂಲೆಯಲ್ಲಿದ್ದ ಕುಡಿಯುವ ನೀರಿನ ನಲ್ಲಿಗೆ ಹೋಗಿ ಎರಡೂ ಕೈ ಒದ್ದೆ ಮಾಡಿಕೊಂಡು ಬಂದರು. ಒದ್ದೆ ಕೈಯಲ್ಲೇ ಒಂದೊಂದು ಹಿಡಿಯನ್ನೂ ಹಿಡಿದು ನೋಡಿದರು. ಕೊಬ್ಬು ಮೆತ್ತಿದ ಕೈಯಲ್ಲಿ ಜಾರುವ ಹಿಡಿ ಬೆರಳು ತೆಗೆಯುತ್ತದಂತೆ. ಮಡಚುವ ಚಾಕು ಬೇಡ, ಸಂದಿಯಲ್ಲಿ ರಕ್ತ ಕೂರುತ್ತದೆ. ಮರದ ಹಿಡಿಯೂ ಬೇಡ, ವಾಸನೆ ಹೋಗುವುದಿಲ್ಲ. ಕೊನೆಗೆ ಆರಿಸಿದ್ದು ಮೂರು. ಚರ್ಮ ಬಿಡಿಸಲು ಹೊಟ್ಟೆ ಉಬ್ಬಿದ ಗಿಡ್ಡದೊಂದು, ತುಂಡು ಮಾಡಲು ಉದ್ದದೊಂದು, ಮೂಳೆ ಬಿಡಿಸಲು ಬೆರಳಿನಲ್ಲಿ ಒತ್ತಿದರೆ ಬಾಗುವಂಥ ತೆಳ್ಳಗಿನದೊಂದು. ಆ ಮೂರನೆಯದು ನನಗೆ ಎಷ್ಟು ಹಿಡಿಸಿತೆಂದರೆ ಅಂಥದ್ದೇ ಇನ್ನೊಂದನ್ನು ನಮ್ಮ ಅಡುಗೆಮನೆಗೂ ಕೊಂಡೆ. ಅವರ ಮೂರು ಚಾಕುಗಳನ್ನು ಗುಲ್‌ಶನ್ ಒಂದು ನೀಲಿ ಡಬ್ಬಿಗೆ ಹಾಕಿ ತನ್ನ ಗ್ಯಾರೇಜಿನಲ್ಲಿಟ್ಟಳು. ಜಿಂಕೆಗೆ ಬಿಟ್ಟು ಬೇರೆ ಯಾವುದಕ್ಕೂ ಅವನ್ನು ಮುಟ್ಟುವಂತಿಲ್ಲ ಎಂದು ನಾಲ್ವರೂ ಒಪ್ಪಿಕೊಂಡೆವು.

2001ರಲ್ಲಿ ದೇವೇಂದ್ರ ಆ ತೆಳ್ಳಗಿನ ಚಾಕುವನ್ನು ಜಿಂಕೆಯ ಸೊಂಟದ ಕೀಲಿಗೆ ತುರುಕಿ ಮೀಟಿದ. ತುದಿ ಮುರಿಯಿತು. “ನಾನು ಮುರಿದಿದ್ದು, ನಾನೇ ಹೊಸದು ತರ್ತೀನಿ,” ಎಂದು ಎದೆ ಮುಟ್ಟಿಕೊಂಡು ಹೇಳಿದ. ಮುಂದಿನ ಸೀಸನ್‌ವರೆಗೂ ಸಮಯವಿತ್ತು. ಮಹಾರಾಯ ತರಲಿಲ್ಲ. ನಾನು ನೆನಪಿಸಿದಾಗಲೆಲ್ಲ “ತರ್ತೀನಿ ಬಿಡೇ, ಅದೇನು ಮಹಾ” ಎಂದ.

ಮರುವರ್ಷ ಸೀಸನ್ ಬಂದದ್ದು ರಂಜಾನ್ ತಿಂಗಳಿನಲ್ಲಿ. ಬಷೀರಣ್ಣ ಉಪವಾಸದಲ್ಲೇ ಬೆಳಗಿನ ಜಾವದ ಚಳಿಯಲ್ಲಿ ಹೋಗಿ ಕೂತರು. ಮೊದಲ ದಿನವೇ ಒಳ್ಳೆಯ ಗಂಡು ಜಿಂಕೆ ಬಿತ್ತು. ಮುಂದಿನ ಶನಿವಾರ ಮಸೀದಿಯಲ್ಲಿ ಇಫ್ತಾರ್ ಊಟ ಇವರದು, ಅದರ ಬಿರಿಯಾನಿಗೆ ಇದೇ ಮಾಂಸ ಎಂದು ಗುಲ್‌ಶನ್ ಎಲ್ಲರಿಗೂ ಫೋನ್ ಮಾಡಿ ಹೇಳಿದಳು. ಇಷ್ಟು ವರ್ಷ ಬೇರೆಯವರ ಇಫ್ತಾರ್ ಉಂಡವಳಿಗೆ ಈ ಸಲ ತಾನು ಬಡಿಸುವ ಸಂಭ್ರಮ.

ಭಾನುವಾರ ಮಧ್ಯಾಹ್ನ ಅವರ ಗ್ಯಾರೇಜಿನಲ್ಲಿ ಸೇರಿದೆವು. ಜಿಂಕೆ ತೊಲೆಯಿಂದ ತಲೆಕೆಳಗಾಗಿ ತೂಗುತ್ತಿತ್ತು. ಬಷೀರಣ್ಣ ಚರ್ಮ ಬಿಡಿಸಿ ಮುಗಿಸಿ, “ದೇವು, ಹೊಸ ಚಾಕು ತಂದ್ಯಾ?” ಎಂದರು.

ದೇವೇಂದ್ರ ಜಾಕೆಟ್ಟಿನ ಒಳಗಿನಿಂದ ಪೇಪರಿನಲ್ಲಿ ಸುತ್ತಿದ ಚಾಕು ತೆಗೆದ. “ತರ್ದೇ ಇರ್ತೀನಾ? ನಿನ್ನೆ ತಂದೆ. ಹೊಚ್ಚಹೊಸದು. ಕವರ್ ಅಲ್ಲೇ ಕಿತ್ತು ಬಿಸಾಕಿದೆ.” ಹೀಗೆನ್ನುತ್ತ ಎಡಗಿವಿ ತುರಿಸಿಕೊಂಡ.

ನಾನು ನೋಡಿದೆ. ಅಗ್ಗದ್ದು ಯಾವುದನ್ನೋ ತಂದು ದುಬಾರಿಯದೆಂದು ಬೊಗಳೆ ಬಿಡುತ್ತಿದ್ದಾನೆ ಎಂದುಕೊಂಡು ಸುಮ್ಮನಾದೆ. ಅವನ ಯೋಗ್ಯತೆ ಅದಕ್ಕಿಂತ ಕೆಳಗೆ ಇಳಿಯಬಹುದೆಂದು ನನಗೆ ಹೊಳೆಯಲಿಲ್ಲ.

ಬಷೀರಣ್ಣ ಮೂಳೆ ಬಿಡಿಸಿ ತುಂಡುಗಳನ್ನು ನಮ್ಮ ಕಡೆಗೆ ತಳ್ಳುತ್ತಿದ್ದರು. ನಾನು ಅವನ್ನು ಕಾಗದದಲ್ಲಿ ಸುತ್ತುವುದು, ಗುಲ್‌ಶನ್ ಮೇಲೆ ‘ಶನಿವಾರ’ ಎಂದು ಬರೆಯುವುದು. ಉಪವಾಸದಲ್ಲಿ ಅವಳ ತುಟಿ ಒಣಗಿತ್ತು, ಆದರೂ ಯಾವುದೋ ಹಾಡು ಗುನುಗುತ್ತಿದ್ದಳು. ಬೆನ್ನು ನೋವೆಂದು ಬಷೀರಣ್ಣ ಚಾಕು ಕೆಳಗಿಟ್ಟು ಸೊಂಟ ನೀವಿಕೊಂಡರು. ಚಾಕುವಿನ ಹಿಡಿ ನನ್ನ ಕಡೆಗಿತ್ತು. ಹಿಡಿಯ ತುದಿಯಲ್ಲಿ ಉಗುರಿನಷ್ಟು ಅಗಲ ಪ್ಲಾಸ್ಟಿಕ್ ಕರಗಿ ಮಡಚಿಕೊಂಡಿತ್ತು.

ಆ ಕಲೆ ನನಗೆ ಗೊತ್ತು. ಕರೆಂಟ್ ಒಲೆಯ ಬಿಸಿ ಸುರುಳಿಗೆ ತಗುಲಿಸಿ ಅದನ್ನು ಕರಗಿಸಿದವಳೇ ನಾನು. ಗುರುವಾರವಷ್ಟೇ ದೇವೇಂದ್ರ ಅಡುಗೆಮನೆಯಲ್ಲಿ ನಿಂತು ಆ ಚಾಕುವಿನಲ್ಲಿ ಹಂದಿಯ ತೊಡೆ ಕೊಯ್ದಿದ್ದ.

ನನ್ನ ಕೈ ನಿಂತಿತು. ಮಾತಾಡಿದರೆ ಈ ಸ್ನೇಹ ಉಳಿಯುತ್ತದೋ ಇಲ್ಲವೋ. ಮಾತಾಡದಿದ್ದರೆ ಶನಿವಾರ ಉಪವಾಸ ಮುರಿಯಲು ಕೂತ ಅಷ್ಟೂ ಜನಕ್ಕೆ ಗುಲ್‌ಶನ್ ತನ್ನ ಕೈಯಾರೆ ಇದನ್ನು ಬಡಿಸುತ್ತಾಳೆ. ಅವಳು ಇನ್ನೊಂದು ಪೊಟ್ಟಣಕ್ಕೆ ಕೈಚಾಚಿದಳು. ನಾನು ಅದನ್ನು ನನ್ನ ಕಡೆಗೆ ಎಳೆದುಕೊಂಡೆ.

“ಬಷೀರಣ್ಣ, ಆ ಚಾಕು ಮುಟ್ಬೇಡಿ. ಅದು ನಮ್ಮನೇದು.”

“ಏ, ಅದೇ ಥರದ್ದು ಅಷ್ಟೇ ಕಣೇ, ನಿಂಗೆ ಗೊತ್ತಾಗಲ್ಲ ಸುಮ್ನಿರು,” ಎಂದ ದೇವೇಂದ್ರ. ಕೈ ಮತ್ತೆ ಕಿವಿಗೆ ಹೋಯಿತು.

“ಕಿವಿ ಬಿಡೋ!” ಎಂದು ಕಿರುಚಿದೆ. ಬದುಕಿನಲ್ಲಿ ಮೊದಲ ಸಲ ಅವನಿಗೆ ಎದುರಿಗೇ ಏಕವಚನ ಬಿತ್ತು. “ಹೊಸದಂತೆ ಹೊಸದು! ಆ ಹಿಡಿ ಸುಟ್ಟೋಳು ನಾನು. ಗುರುವಾರ ನೀನು ಹಂದಿ ಕುಯ್ದಿದ್ದು ಇದರಲ್ಲೇ ಅಲ್ವೇನೋ? ಮಾನ ಇದೆಯೇನೋ ನಿಂಗೆ?”

ಗುಲ್‌ಶನ್ ಗುನುಗುವುದನ್ನು ನಿಲ್ಲಿಸಿದಳು.

“ತೊಳೆದಿದೀನಪ್ಪಾ!” ದೇವೇಂದ್ರ ಎರಡೂ ಕೈ ಮೇಲೆತ್ತಿದ. “ಬಿಸಿನೀರು, ಸೋಪು, ಆಮೇಲೆ ಡಿಶ್‌ವಾಷರ್‌ಗೂ ಹಾಕಿದೀನಿ. ನಿನ್ನೆ ಅಂಗಡೀಲಿ ಸೀಸನ್ ರಶ್ಶು, ಪಾರ್ಕಿಂಗೇ ಸಿಗಲಿಲ್ಲ. ಚಾಕು ಎರಡೂ ಒಂದೇ ಅಲ್ವಾ? ಈಗೇನು ಪ್ರಪಂಚ ಮುಳುಗೋಯ್ತು?”

ಬಷೀರಣ್ಣ ಚಾಕುವನ್ನೇ ನೋಡುತ್ತಿದ್ದರು. “ತೊಳೆದಿದ್ರೆ ಸಾಕು ದೇವು,” ಎಂದರು. “ನಮ್ಮಲ್ಲೂ ತೊಳೆದ್ರೆ ಆಗುತ್ತೆ. ನೀನು ಹೇಳಿದ್ರೆ ನಾನೇ ಇನ್ನೊಂದ್ಸಲ ತೊಳ್ಕೊಂಡು ಕುಯ್ತಿದ್ದೆ.”

“ಮತ್ತೆ! ಅದನ್ನೇ ನಾನೂ ಹೇಳಿದ್ದು.” ದೇವೇಂದ್ರ ನನ್ನ ಕಡೆ ತಿರುಗಿದ. “ನೋಡಿದ್ಯಾ? ಸುಮ್ನೆ ಒಂದು ರಾದ್ಧಾಂತ ನಿಂದು.”

“ನಾನಿನ್ನೂ ಮುಗಿಸಿಲ್ಲ,” ಎಂದರು ಬಷೀರಣ್ಣ. ಅವರ ದನಿ ಏರಲಿಲ್ಲ, ಕುತ್ತಿಗೆ ಮಾತ್ರ ಕೆಂಪಾಗಿತ್ತು. “ಶನಿವಾರ ಜನ ಕೇಳ್ತಾರೆ, ‘ಬಷೀರ್, ಇದು ಎಲ್ಲಿ ಕುಯ್ಸಿದ್ದು’ ಅಂತ. ‘ನನ್ನ ಗ್ಯಾರೇಜಲ್ಲಿ, ನನ್ನ ಚಾಕೂಲಿ, ನಾನೇ’ ಅಂತೀನಿ. ಆಮೇಲೆ ಯಾರೂ ಏನೂ ಕೇಳಲ್ಲ, ತಿಂತಾರೆ. ನೀನು ಹೊಸದು ಅಂದೆ, ನಾನೂ ಏನೂ ಕೇಳದೆ ತಗೊಂಡೆ. ನನ್ನ ಬಾಯಲ್ಲಿ ಅವರಿಗೆಲ್ಲ ಸುಳ್ಳು ಹೇಳಿಸ್ತಿದ್ದೆ ನೀನು. ಅದೂ ರೋಜಾ ಹಿಡಿದಿರೋ ದಿನ.”

“ಬಷೀರ್, ಸಾರಿ ಕಣೋ, ನಾನು...”

“ಎಲ್ಲಾ ತಗೊಂಡು ಹೋಗು. ಚಾಕೂನೂ.”

ನಾನು ಗುಲ್‌ಶನ್ ಕಡೆ ನೋಡಿದೆ. ಅವಳು ಪೆನ್ನಿನ ಮುಚ್ಚಳ ಹಾಕಿ, ಬರೆದ ಪೊಟ್ಟಣಗಳನ್ನು ಒಂದೊಂದಾಗಿ ನನ್ನ ಕಡೆಗೆ ಸರಿಸಿದಳು.

“ನಿನಗ ಗೊತ್ತಿದ್ದಿಲ್ಲೇನ?” ಎಂದು ಕೇಳಿದಳು.

“ಮಕ್ಕಳಾಣೆಗೂ ಇಲ್ಲ ಕಣೇ ಗುಲ್‌ಶನ್. ಈಗ ಹಿಡಿ ನೋಡಿದ್ಮೇಲೇ ಗೊತ್ತಾಗಿದ್ದು.”

“ಹೂಂ,” ಎಂದಳು. ಅಷ್ಟೇ. ನಿಜ ಹೇಳಿದವಳು ನಾನು, ಗಂಡನ ಮರ್ಯಾದೆ ಬೀದಿಗೆಳೆದು ಹೇಳಿದವಳು ನಾನು, ನನಗೆ ಸಿಕ್ಕಿದ್ದು ಆ ‘ಹೂಂ’.

ಮನೆಗೆ ಬಂದು ಪೊಟ್ಟಣಗಳನ್ನು ಫ್ರೀಜರಿಗೆ ತುಂಬುತ್ತ ದೇವೇಂದ್ರ, “ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಬಿಡು, ಪೂರ್ತಿ ಜಿಂಕೆ ನಮ್ಗೇ ಬಂತು,” ಎಂದ. ಆ ಚಾಕು ಆಗ ನನ್ನ ಕೈಗೆ ಸಿಗದಿದ್ದದ್ದು ಅವನ ಪುಣ್ಯ. ಆ ಮಾಂಸದಲ್ಲಿ ಒಂದು ತುಂಡನ್ನೂ ನಾನು ಬೇಯಿಸಲಿಲ್ಲ. ತಾನೇ ಹುರಿದುಕೊಂಡು, ಉಪ್ಪು ಹೆಚ್ಚಾಯಿತೆಂದು ಗೊಣಗುತ್ತ ತಿಂದ. ಶನಿವಾರದ ಬಿರಿಯಾನಿಗೆ ಬಷೀರಣ್ಣ ಡಿಯರ್‌ಬಾರ್ನ್‌ನ ಹಲಾಲ್ ಅಂಗಡಿಗೆ ಹೋಗಿ ಮಟನ್ ತಂದರಂತೆ. ಸೋಮವಾರದಿಂದ ಅವರು ಆಫೀಸಿಗೆ ತಮ್ಮ ಕಾರಿನಲ್ಲೇ ಹೋಗತೊಡಗಿದರು. ದೇವೇಂದ್ರ ಅದಕ್ಕೂ ಕಾರಣ ಹುಡುಕಿಕೊಂಡ, “ಅವನ ಟೈಮಿಂಗ್ ಚೇಂಜ್ ಆಗಿದೆ.”

ರಂಜಾನ್ ಹಬ್ಬದ ಮರುದಿನ ಗುಲ್‌ಶನ್ ಶೀರ್ ಖುರ್ಮಾ ಪಾಯಸ ತಂದಳು. ಒಬ್ಬಳೇ ಬಂದಿದ್ದಳು. ಬಂದಳಲ್ಲ ಎಂದು ನನಗೆ ಅಳುವೇ ಬಂತು. ಅವಳಿಗೆಂದು ಇಟ್ಟ ಪಾತ್ರೆಯಲ್ಲಿ, ಅವಳಿಗೆಂದು ಇಟ್ಟ ಮಣೆಯ ಮೇಲೆ ಬೇಳೆ ಹೋಳಿಗೆ ಮಾಡಿದ್ದೆ. ಬಿಸಿಬಿಸಿಯಾಗಿ ತುಪ್ಪ ಹಾಕಿ ಮುಂದಿಟ್ಟೆ. ದೇವೇಂದ್ರನೂ ತನ್ನ ತಟ್ಟೆ ಹಿಡಿದು ಎದುರಿಗೆ ಕೂತ.

ಅವಳು ತಟ್ಟೆ ನೋಡಿದಳು. ನಾನು ಕಾದೆ. ಅವಳು ಆ ಪ್ರಶ್ನೆ ಕೇಳಲಿ, ಒಂದೇ ಒಂದು ಸಲ ಕೇಳಲಿ ಎಂದು ತುಪ್ಪದ ಚಮಚ ಹಿಡಿದೇ ನಿಂತಿದ್ದೆ.

“ಹೊಟ್ಟಿ ಭಾಳ ತುಂಬೇತಿ ತೇಜೂ,” ಎಂದಳು. ಮೇಜಿನ ಮೇಲಿದ್ದ ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದುಕೊಂಡು, ತಾನೇ ಸುಲಿದು, ನಿಧಾನವಾಗಿ ತಿಂದಳು. ಮಕ್ಕಳ ಸ್ಕೂಲಿನ ವಿಷಯ, ಹಿಮದ ವಿಷಯ ಮಾತಾಡಿದಳು. ಆಮೇಲೆ ಕೋಟು ಹಾಕಿಕೊಂಡು, ನನ್ನ ಕೆನ್ನೆ ಮುಟ್ಟಿ ಹೊರಟಳು.

ಬಾಗಿಲು ಹಾಕಿ ಬಂದೆ. ದೇವೇಂದ್ರ ಬಾಯ್ತುಂಬ ಹೋಳಿಗೆ ಇಟ್ಟುಕೊಂಡು, “ನಾನು ಹೇಳ್ಲಿಲ್ವಾ? ಬಂದ್ರು, ಕೂತ್ರು, ತಿಂದ್ರು. ಎಲ್ಲಾ ಸರಿಹೋಯ್ತು ನೋಡು,” ಎಂದ.

ಗುಲ್‌ಶನ್ ಬಿಟ್ಟುಹೋದ ಬಾಳೆಹಣ್ಣಿನ ಸಿಪ್ಪೆಯನ್ನು ಎತ್ತಿ ತಂದು ಅವನ ತಟ್ಟೆಯಲ್ಲಿ, ಹೋಳಿಗೆಯ ಮೇಲೆ ಹಾಕಿದೆ.

“ತಿನ್ನು,” ಎಂದೆ. “ಇದನ್ನ ನೀನು ತಿನ್ನಬಹುದು.”