ಮನೆಗಾಡಿಯ ಪಾಠ

ಮೂವತ್ತೊಂದು ವರ್ಷ ಊರಿನ ಜನಕ್ಕೆ ಕಾರು ಕಲಿಸಿದ ಅವರಿಗೆ ‘ಕನ್ನಡಿ ಮೇಷ್ಟ್ರು’ ಎಂಬ ಹೆಸರು ಅಂಟಿಕೊಂಡಿತ್ತು. ಪಕ್ಕದ ಸೀಟಿನಲ್ಲಿ ಕೂತು ನಿಮಿಷಕ್ಕೊಮ್ಮೆ ‘ಕನ್ನಡಿ, ಕನ್ನಡಿ’ ಎನ್ನುತ್ತಿದ್ದುದಕ್ಕೆ ಶಿಷ್ಯರು ಇಟ್ಟ ಹೆಸರು. ದಾರಿಯಲ್ಲಿ ಸಿಕ್ಕವರು ನಿಂತು, ನಿಮ್ಮ ಬೈಗುಳ ತಿಂದು ಕಲಿತದ್ದಕ್ಕೆ ಇವತ್ತಿನವರೆಗೆ ಗಾಡಿಗೆ ಒಂದು ಗೀರೂ ಬಿದ್ದಿಲ್ಲ ಎಂದು ಹೇಳಿಯೇ ಹೋಗುತ್ತಿದ್ದರು.

ನಿವೃತ್ತರಾದ ಮೇಲೆ ಮೇಷ್ಟ್ರು ಮತ್ತು ಅವರ ಹೆಂಡತಿ ಹಳೆಯ ಮೋಟರ್‌ಹೋಮ್ ಒಂದನ್ನು ಕೊಂಡರು. ಹಾಸಿಗೆ, ಒಲೆ, ಸಿಂಕು, ಅಂಗೈಯಗಲದ ಬಚ್ಚಲು, ಎಲ್ಲ ಒಂದೇ ಗಾಡಿಯೊಳಗೆ. ಜೀವಮಾನವಿಡೀ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದಿದ್ದ ಆಕೆ ಅದನ್ನು ‘ಮನೆಗಾಡಿ’ ಎಂದು ಕರೆದು, ಕಿಟಕಿಗಳಿಗೆ ತಾನೇ ಪರದೆ ಹೊಲಿದಳು. ಎರಡು ಪ್ರವಾಸ ಸುಖವಾಗಿ ಮುಗಿದವು. ಮೂರನೆಯದರಲ್ಲಿ, ಹೆದ್ದಾರಿಯಲ್ಲಿ ಗಾಡಿ ಗಕ್ಕನೆ ನಿಂತಾಗ, ಹಿಂದೆ ಎದ್ದು ನಿಂತಿದ್ದ ಆಕೆಯ ತಲೆ ಸಿಂಕಿನ ಅಂಚಿಗೆ ಬಡಿಯಿತು. ನಾಲ್ಕು ದಿನ ಎಚ್ಚರವಿಲ್ಲದೆ ಮಲಗಿದ್ದವಳು ಐದನೆಯ ದಿನ ತೀರಿಕೊಂಡಳು. ನಾಯಿ ಅಡ್ಡ ಬಂತು, ಇವಳು ಯಾವಾಗ ಎದ್ದಳೋ ಗೊತ್ತಾಗಲಿಲ್ಲ ಎಂದು ಮೇಷ್ಟ್ರು ಹೇಳಿದರು. ಅವರ ಮಾತನ್ನು ಅನುಮಾನಿಸುವವರು ಯಾರಿದ್ದರು?

ಹನ್ನೊಂದು ತಿಂಗಳು ಗಾಡಿ ಟಾರ್ಪಾಲಿನ ಕೆಳಗೆ ನಿಂತಿತು. ಆಮೇಲೊಂದು ದಿನ ಮಗಳು ಬಂದು, ತಾನು ಅದನ್ನು ಓಡಿಸಲು ಕಲಿಯುತ್ತೇನೆ ಎಂದಳು. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮಾತು ಕಡಿಮೆ, ಹಟ ಜಾಸ್ತಿ. ರಜೆಯಲ್ಲಿ ಸಮುದ್ರ ತೋರಿಸುತ್ತೇನೆಂದು ಅಜ್ಜಿ ಮೊಮ್ಮಗಳಿಗೆ ಮಾತು ಕೊಟ್ಟಿದ್ದಳಂತೆ. ಮಾರಿಬಿಡೋಣ ಎಂದರು ಮೇಷ್ಟ್ರು. ನೀನು ಕಲಿಸದಿದ್ದರೆ ಬೇರೆಯವರ ಹತ್ತಿರ ಕಲಿಯುತ್ತೇನೆ ಎಂದಳು ಅವಳು. ಅರೆಬರೆ ಕಲಿಸುವವರ ಕೈಗೆ ಮಗಳನ್ನು ಕೊಡಲು ಅವರಿಗೆ ಮನಸ್ಸಾಗಲಿಲ್ಲ.

ಭಾನುವಾರ ಬೆಳಿಗ್ಗೆ, ಖಾಲಿಯಿರುತ್ತಿದ್ದ ತರಕಾರಿ ಮಾರುಕಟ್ಟೆಯ ಅಂಗಳದಲ್ಲಿ ಪಾಠ ಶುರುವಾಯಿತು. ತಿರುವಿನಲ್ಲಿ ತಡವಾಗಿ, ಅಗಲವಾಗಿ ತಿರುಗಿಸಬೇಕು. ಎಡಕ್ಕೆ ತಿರುಗಿಸಿದರೆ ಹಿಂದಿನ ಬಾಲ ಬಲಕ್ಕೆ ಬೀಸುತ್ತದೆ. ದೊಡ್ಡ ಲಾರಿ ದಾಟುವಾಗ ಗಾಳಿ ತಳ್ಳುತ್ತದೆ, ಸ್ಟೀರಿಂಗ್ ಬಿಗಿಯಾಗಿರಲಿ, ಆದರೆ ಉಸಿರು ಬಿಗಿಯುವುದು ಬೇಡ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಬಾರದು, ಮೊದಲೇ ಗೇರ್ ಇಳಿಸಬೇಕು. ತಗ್ಗು ಸೇತುವೆ ಎದುರಾದಾಗ ನೆನಪಿರಲೆಂದು ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಗಾಜಿಗೆ ಅಂಟಿಸಿದರು. ಕಪಾಟಿನ ಚಿಲಕ, ಗ್ಯಾಸಿನ ವಾಲ್ವು, ಎಲ್ಲವನ್ನೂ ನೋಡಿಯೇ ಹೊರಡಬೇಕು. ಎಲ್ಲರೂ ಬೆಲ್ಟ್ ಹಾಕಿ ಕೂತಿರಬೇಕು ಎನ್ನುವಾಗ ಮಾತ್ರ ಅವರ ದನಿ ಸಣ್ಣಗಾಗುತ್ತಿತ್ತು.

ನಾಲ್ಕನೆಯ ಭಾನುವಾರ ಹೆದ್ದಾರಿಗೆ ಹೋದರು. ಮಗಳ ಭುಜಗಳು ಸಡಿಲವಾಗಿದ್ದವು, ಕೈ ಪಳಗಿತ್ತು. ಸ್ವಲ್ಪ ದೂರ ಹೋದ ಮೇಲೆ ಬಾಯಾರಿಕೆಯಾಗುತ್ತಿದೆ, ಹಿಂದಿನಿಂದ ನೀರಿನ ಬಾಟಲಿ ತಂದುಕೊಡು ಎಂದಳು.

“ಗಾಡಿ ನಿಲ್ಲಿಸು, ಕೊಡ್ತೀನಿ.”

“ನಿಧಾನವಾಗೇ ಹೋಗ್ತಿದೀನಲ್ಲಪ್ಪ. ಏನಾಗಲ್ಲ, ಏಳು.”

ಮೇಷ್ಟ್ರು ತಮ್ಮ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಿಲ್ಲಿಸು ಎಂದು ಮತ್ತೆ ಅಂದರು. ಮಗಳು ಇಂಡಿಕೇಟರ್ ಹಾಕಿ, ರಸ್ತೆಯ ಅಂಚಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದಳು.

“ನಾಯಿ ಬಂದಿರಲಿಲ್ಲ,” ಎಂದರು ಮೇಷ್ಟ್ರು. “ಮುಂದಿನ ಲಾರಿಗೆ ತೀರಾ ಹತ್ತಿರ ಹೋಗ್ತಿದ್ದೆ, ಅದು ತಟ್ಟನೆ ನಿಂತ್ಬಿಡ್ತು. ನಿಮ್ಮಮ್ಮ ಬೆಲ್ಟ್ ಹಾಕಿ ಕೂತಿದ್ಲು. ಟೀ ಕೊಡು ಅಂತ ನಾನೇ ಎಬ್ಬಿಸಿದೆ.”

ಮಗಳು ರಸ್ತೆಯನ್ನೇ ನೋಡುತ್ತಿದ್ದಳು. “ಅಮ್ಮ ಏನಂದ್ಲು?”

“ಗಾಡಿ ನಿಲ್ಸಿ, ಆಮೇಲೆ ಕುಡಿಯೋಣ ಅಂದ್ಲು. ಮೂವತ್ತು ವರ್ಷ ಓಡಿಸಿದೀನಿ, ನಂಗೆ ಹೇಳಿಕೊಡ್ತೀಯಾ ಅಂತ ನಕ್ಕೆ.”

ಅವಳು ಇಳಿದು ಹೋಗಿ ರಸ್ತೆ ಬದಿಯ ಕಂಬಿ ಹಿಡಿದು ಬಹಳ ಹೊತ್ತು ನಿಂತಳು. ಮೇಷ್ಟ್ರಿಗೆ ಕೆಳಗಿಳಿಯುವ ಧೈರ್ಯ ಬರಲಿಲ್ಲ. ವಾಪಸ್ಸು ಬಂದವಳು ಒಂದು ತಪ್ಪೂ ಇಲ್ಲದೆ ಮನೆಯವರೆಗೆ ಓಡಿಸಿ, ಬೀಗದಕೈಯನ್ನು ತನ್ನ ಚೀಲದಲ್ಲೇ ಇಟ್ಟುಕೊಂಡು ಹೊರಟುಹೋದಳು.

ಮೂರು ವಾರ ಸುದ್ದಿಯಿಲ್ಲ. ರಜೆ ಶುರುವಾದ ದಿನ ಗಂಡ, ಮಗುವಿನೊಂದಿಗೆ ಬಂದಳು. ಮೇಷ್ಟ್ರು ಚಕ್ರಗಳ ಗಾಳಿ ನೋಡಿದರು, ಮೊಮ್ಮಗಳ ಬೆಲ್ಟನ್ನು ಎರಡು ಸಲ ಎಳೆದು ನೋಡಿದರು. ಅಜ್ಜ ಬರಲ್ವಾ ಎಂದು ಮಗು ಕೇಳಿತು.

ಮಗಳು ಅವರನ್ನು ಗಾಡಿಯ ಹಿಂಬದಿಗೆ ಕರೆದಳು. “ಈಗ ನಿನ್ನ ಪಕ್ಕ ಕೂತು ಓಡಿಸೋಕೆ ನನ್ನ ಕೈಲಾಗಲ್ಲಪ್ಪ. ಮುಂದೆ ಆಗುತ್ತೋ ಏನೋ, ಅದೂ ಗೊತ್ತಿಲ್ಲ.”

“ಸರಿ ಕಣಮ್ಮ,” ಎಂದರು ಮೇಷ್ಟ್ರು.

ಗಾಡಿ ಬೀದಿಯ ತುದಿಯಲ್ಲಿ ಅಗಲವಾಗಿ, ಅಚ್ಚುಕಟ್ಟಾಗಿ ತಿರುಗಿತು. ಸಂಜೆ ಮಗಳ ಫೋನು ಬಂತು. ತಲುಪಿದ್ದೇವೆ ಎಂದಷ್ಟೇ ಹೇಳಿ ಇಟ್ಟಳು. ಮೇಷ್ಟ್ರು ಫೋನನ್ನು ಕಿವಿಯಿಂದ ತೆಗೆಯದೆ, ಅಡುಗೆಮನೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದರು.